ಬಾಡಿಗೆ ಕರಾರನ್ನು ಯಾರು ಓದುತ್ತಾರೆ?

ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ‘ರೆಂಟಲ್ ಅಗ್ರಿಮೆಂಟ್ ಮಾಡಿಕೊಡಲಾಗುತ್ತದೆ’ ಅಂತ ಒಂದು ಚೀಟಿ ಅಂಟಿಸಿರುತ್ತಾರೆ. ಒಳಗೆ ಕಂಪ್ಯೂಟರ್ ಮುಂದೆ ಕೂತ ಹುಡುಗ ಕೇಳುವುದು ನಾಲ್ಕೇ ಪ್ರಶ್ನೆ. ಓನರ್ ಹೆಸರು, ನಿಮ್ಮ ಹೆಸರು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು. ಹಳೇ ಫೈಲ್ ತೆಗೆಯುತ್ತಾನೆ, ಹಿಂದಿನವರ ಹೆಸರು ಅಳಿಸುತ್ತಾನೆ, ನಿಮ್ಮದನ್ನು ಟೈಪ್ ಮಾಡಿ ಇ-ಸ್ಟಾಂಪ್ ಹಾಳೆಯ ಮೇಲೆ ಪ್ರಿಂಟ್ ಕೊಡುತ್ತಾನೆ. ಹತ್ತು ನಿಮಿಷದ ಕೆಲಸ. ಹಾಗೆ ಹುಟ್ಟಿದ ಎರಡು ಮೂರು ಹಾಳೆಗೆ ಓನರ್ ಒಂದು ಕಡೆ, ಬಾಡಿಗೆಗೆ ಬಂದವರು ಒಂದು ಕಡೆ ಸಹಿ ಹಾಕುತ್ತಾರೆ. ಓದುವವರು ಕಮ್ಮಿ.

ಓದಿ ಏನಾಗಬೇಕು, ಕಾನೂನು ಅಂತ ಒಂದು ಇದೆಯಲ್ಲ, ತೊಂದರೆಯಾದರೆ ಅದು ನೋಡಿಕೊಳ್ಳುತ್ತೆ ಅನ್ನುವ ಧೈರ್ಯ ಎಲ್ಲರಿಗೂ ಇರುತ್ತದೆ. ಆ ಧೈರ್ಯಕ್ಕೆ ಬುಡ ಇಲ್ಲ ಅನ್ನುವುದೇ ಈ ಬರಹದ ಮಾತು. ಇವತ್ತಿನ ಬೆಂಗಳೂರಿನ ಬಾಡಿಗೆ ಮನೆಗೆ ಕಾನೂನು ಬಹಳ ಕಡೆ ‘ನೀವು ನೀವೇ ಏನು ಬರೆದುಕೊಂಡಿದ್ದೀರೋ ಅದೇ’ ಅಂತ ಹೇಳಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಮೊದಲು ನಮ್ಮ ರಾಜ್ಯದ್ದೇ ಕಾಯ್ದೆ ನೋಡೋಣ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಬಾಡಿಗೆದಾರರಿಗೆ ಅದರಲ್ಲಿ ಒಳ್ಳೆಯ ರಕ್ಷಣೆಗಳಿವೆ. ಆದರೆ ಬೆಂಗಳೂರಿನಂಥ ದೊಡ್ಡ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ, ಉಳಿದ ಕಡೆ 2,000 ದಾಟಿದರೆ, ಆ ಕಾಯ್ದೆ ಆ ಮನೆಗೆ ಅನ್ವಯಿಸುವುದೇ ಇಲ್ಲ. ಅವತ್ತು 3,500 ಅಂದರೆ ದೊಡ್ಡ ಬಾಡಿಗೆ. ಇವತ್ತು ಆ ದುಡ್ಡಿಗೆ ಪಿಜಿಯಲ್ಲಿ ಒಂದು ಮಂಚ ಸಿಕ್ಕರೆ ಪುಣ್ಯ. ಹೀಗಾಗಿ ಇವತ್ತು ಟು-ಲೆಟ್ ಬೋರ್ಡು ನೋಡಿ ಹಿಡಿಯುವ ಮನೆಗಳಲ್ಲಿ ಮುಕ್ಕಾಲುವಾಸಿ ಈ ಕಾಯ್ದೆಯ ಹೊರಗೇ ಇವೆ.

ಅದರ ಹೊರಗೆ ಉಳಿದದ್ದು ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ನಿನಲ್ಲಿ ಓನರ್ ಏನು ಮಾಡಬೇಕು, ಬಾಡಿಗೆದಾರ ಏನು ಮಾಡಬೇಕು ಅಂತ ಸಾಲಾಗಿ ಬರೆದಿದ್ದಾರೆ. ಓದಿದರೆ ಖುಷಿಯಾಗುತ್ತದೆ. ಮನೆ ಬಿಡುವಾಗ ಬಂದಾಗ ಹೇಗಿತ್ತೋ ಹಾಗೆ ಒಪ್ಪಿಸಬೇಕು, ಆದರೆ ಸಹಜವಾಗಿ ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ. ಓನರ್ ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಡ್ಡಿ ಸಮೇತ! ಇಷ್ಟು ಚೆಂದದ ನಿಯಮ ಇಟ್ಟುಕೊಂಡು ನಾವು ಸಂಪಿನ ಮೋಟರ್ ಕೆಟ್ಟಾಗ ಓನರ್ ಫೋನ್ ಎತ್ತಲಿ ಅಂತ ವಾರಗಟ್ಟಲೆ ಕಾಯುತ್ತೇವಲ್ಲ ಅನ್ನಿಸುತ್ತದೆ.

ಆದರೆ ಆ ಸೆಕ್ಷನ್ನಿನ ತಲೆಯ ಮೇಲೆ ಒಂದು ಸಾಲಿದೆ. ಬೇರೆ ಒಪ್ಪಂದವಾಗಲಿ, ಆ ಊರಿನ ರೂಢಿಯಾಗಲಿ ಇಲ್ಲದಿದ್ದರೆ ಮಾತ್ರ ಮುಂದಿನದೆಲ್ಲ ಅನ್ವಯ. ಬೆಂಗಳೂರಿನ ಬಾಡಿಗೆ ಜೀವನ ಪೂರ್ತಿ ಈ ಒಂದು ಸಾಲಿನ ಕೆಳಗೆ ನಡೆಯುತ್ತಿದೆ ಅಂದರೂ ನಡೆದೀತು.

ಪೇಂಟಿಂಗ್ ವಿಷಯವನ್ನೇ ತೆಗೆದುಕೊಳ್ಳಿ. ಮನೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಇಲ್ಲಿ ಮಾಮೂಲು. ನೀವು ಆರು ತಿಂಗಳು ಇದ್ದಿರಾ ಆರು ವರ್ಷ ಇದ್ದಿರಾ ಅನ್ನುವುದು ಲೆಕ್ಕಕ್ಕಿಲ್ಲ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ ಅಂದರೂ ಮುರಿಯುತ್ತಾರೆ. ಗೋಡೆ ಬಣ್ಣ ಮಾಸುವುದು ಸಹಜ ಸವೆತ ಅಲ್ವಾ ಅಂತ ನೀವು 1882ರ ಕಾಯ್ದೆ ಹಿಡಿದು ವಾದ ಮಾಡಬಹುದು. ಓನರ್ ಕರಾರಿನ ಎಂಟನೇ ಷರತ್ತು ತೋರಿಸುತ್ತಾರೆ. ಕೆಳಗೆ ನಿಮ್ಮದೇ ಸಹಿ. ಅಲ್ಲಿಗೆ ಮುಗಿಯಿತು. ಷರತ್ತು ಇಲ್ಲದಿದ್ದರೂ ‘ಎಲ್ಲ ಕಡೆ ಹೀಗೇ ನಡೆಯೋದು’ ಅನ್ನುತ್ತಾರೆ. ಆ ಮಾತನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ, ರೂಢಿಗೂ ಕಾಯ್ದೆಯೇ ಜಾಗ ಕೊಟ್ಟಿದೆಯಲ್ಲ.

ಇನ್ನು ಎಲ್ಲರ ಬಾಯಲ್ಲಿರುವ ಹನ್ನೊಂದು ತಿಂಗಳ ಲೆಕ್ಕ. ಹನ್ನೊಂದು ತಿಂಗಳಿಗಿಂತ ಜಾಸ್ತಿ ಬರೆದುಕೊಟ್ಟರೆ ಬಾಡಿಗೆಯವರು ಮನೆಯನ್ನೇ ತಮ್ಮದು ಅಂದುಬಿಡುತ್ತಾರೆ ಅಂತ ಎಷ್ಟೋ ಓನರ್‌ಗಳು ನಂಬಿದ್ದಾರೆ. ನಿಜವಾದ ಕಾರಣ ಸಪ್ಪೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದು. ಅಷ್ಟೇ. ಬಾಡಿಗೆ ಕೊಟ್ಟುಕೊಂಡು ಇರುವವರು ಹನ್ನೆರಡು ವರ್ಷ ಇದ್ದರೂ ಅದರಿಂದಲೇ ಮನೆಗೆ ಮಾಲೀಕರಾಗುವುದಿಲ್ಲ, ಯಾಕೆಂದರೆ ಅವರು ಇರುವುದೇ ಓನರ್ ಒಪ್ಪಿಗೆಯ ಮೇಲೆ. ಇನ್ನೂ ಹೇಳಬೇಕೆಂದರೆ, ಬಾಡಿಗೆಗೆ ಬಂದವರು ಅಲ್ಲಿ ಇರುವಷ್ಟು ದಿನ ‘ಇವರು ಓನರ್ ಅಲ್ಲ’ ಅಂತ ಕೋರ್ಟಿನಲ್ಲಿ ಹೇಳುವಂತಿಲ್ಲ ಅನ್ನುವುದು ಸಾಕ್ಷ್ಯ ಕಾನೂನಿನ ಹಳೇ ನಿಯಮ. ಅಂದಮೇಲೆ ಕರಾರು ಬರೆದುಕೊಡದೆ ಇರುವುದರಿಂದ ಓನರ್‌ಗೇ ನಷ್ಟ. ಇದನ್ನು ನಮ್ಮ ಕಡೆಯ ಒಂದಿಬ್ಬರು ಹಿರಿಯರಿಗೆ ಹೇಳಿ ನೋಡಿದೆ. ‘ನಿಂಗೆ ಗೊತ್ತಾಗಲ್ಲ ಸುಮ್ನಿರಮ್ಮ’ ಅಂದರು.

ಹನ್ನೊಂದು ತಿಂಗಳು ಮುಗಿದ ಮೇಲೆ ಏನು? ಬಹಳ ಮನೆಗಳಲ್ಲಿ ಕರಾರು ಹೊಸದು ಮಾಡಿಸುವುದೇ ಇಲ್ಲ. ಬಾಡಿಗೆ ಒಂದಿಷ್ಟು ಏರುತ್ತದೆ, ಜೀವನ ನಡೆಯುತ್ತದೆ. ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಕಾನೂನಿನ ಕಣ್ಣಲ್ಲಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅಂಥದ್ದನ್ನು ಮುಗಿಸಲು 15 ದಿನದ ನೋಟಿಸ್ ಸಾಕು, ಬೇರೆ ಒಪ್ಪಂದ ಇಲ್ಲದಿದ್ದರೆ. ಮಕ್ಕಳ ಶಾಲೆ ಪಕ್ಕದಲ್ಲೇ ಇರುವ ಸಂಸಾರಕ್ಕೆ 15 ದಿನ ಅಂದರೆ ಏನೇನೂ ಅಲ್ಲ. ಹಾಗಂತ ಹದಿನಾರನೇ ದಿನ ಓನರ್ ಬಂದು ಪಾತ್ರೆಪಗಡೆ ಬೀದಿಗೆ ಹಾಕುವಂತೆಯೂ ಇಲ್ಲ. ಹೊರಗೆ ಕಳಿಸುವುದು ಕೋರ್ಟಿನ ದಾರಿಯಿಂದಲೇ ಆಗಬೇಕು. ಬಲವಂತದಿಂದ ಹೊರಗೆ ಹಾಕಿದರೆ ಆರು ತಿಂಗಳ ಒಳಗೆ ದಾವೆ ಹೂಡಿ ಮತ್ತೆ ಒಳಗೆ ಹೋಗುವ ಹಕ್ಕು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿದೆ. ಅಷ್ಟೆಲ್ಲ ಹೋರಾಡಿ ಅದೇ ಓನರ್ ಕೆಳಗೆ ಇರಲು ಯಾರಿಗೆ ಮನಸ್ಸಿರುತ್ತದೆ, ಅದು ಬೇರೆ ಮಾತು.

ನನ್ನ ಅಕ್ಕನ ಮಗಳು ಹಾಸನದಿಂದ ಕೆಲಸಕ್ಕೆ ಬಂದು ವಿಜಯನಗರದಲ್ಲಿ ಒಂದು ಮನೆ ನೋಡಿದಳು. ಮೊದಲನೇ ಮಹಡಿ, 18,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್. ಓನರ್ ಕಳಿಸಿದ ಕರಾರಿನ ಕರಡನ್ನು ವಾಟ್ಸಾಪಿನಲ್ಲಿ ನನಗೆ ದಾಟಿಸಿ, ‘ಚಿಕ್ಕಮ್ಮ, ಒಂದ್ಸಲ ಕಣ್ಣಾಡಿಸಿ, ಎಲ್ಲಾ ಮಾಮೂಲೇ ಅಂತೆ’ ಅಂದಳು. ಇಂಗ್ಲಿಷಿನಲ್ಲಿತ್ತು. ಮೊದಲ ಪುಟದಲ್ಲಿ ಮನೆ ಮೊದಲನೇ ಮಹಡಿಯಲ್ಲಿತ್ತು, ಕೊನೇ ಪುಟದ ಷೆಡ್ಯೂಲಿನಲ್ಲಿ ಎರಡನೇ ಮಹಡಿಗೆ ಹತ್ತಿತ್ತು. ಒಂದು ಷರತ್ತಿನಲ್ಲಿ ಬಾಡಿಗೆದಾರರು ‘ಅಂಗಡಿಯ ಷಟರ್’ ಸುಸ್ಥಿತಿಯಲ್ಲಿ ಇಡತಕ್ಕದ್ದು ಅಂತ ಇತ್ತು. ಯಾವ ಅಂಗಡಿಯೋ, ಯಾರ ಷಟರೋ.

ನಗು ಬಂತು. ನಗಬಾರದ್ದು ಮುಂದಿತ್ತು. ಓನರ್ ಮನೆ ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸ್, ಇವಳು ಬಿಡಬೇಕಾದರೆ ಎರಡು ತಿಂಗಳು. ಆರು ತಿಂಗಳ ಒಳಗೆ ಬಿಟ್ಟರೆ ಒಂದು ತಿಂಗಳ ಬಾಡಿಗೆ ಕಟ್. ಪೇಂಟಿಂಗಿಗೆ ಇನ್ನೊಂದು ತಿಂಗಳದು ಕಟ್. ಅಡ್ವಾನ್ಸ್ ವಾಪಸ್ ಕೊಡುವುದು ಯಾವಾಗ ಅನ್ನುವ ಕಡೆ ‘ಮನೆ ಖಾಲಿಯಾದ ನಂತರ’ ಅಂತ ಮಾತ್ರ. ನಂತರ ಅಂದರೆ ಅವತ್ತೇ ಸಂಜೆಯೂ ಆಗಬಹುದು, ಮುಂದಿನ ಯುಗಾದಿಯೂ ಆಗಬಹುದು. ಬೆಂಗಳೂರಿನಲ್ಲಿ ‘ಹೊಸ ಬಾಡಿಗೆಯವರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡ್ತೀನಿ’ ಅನ್ನುವ ಮಾತು ಕೇಳದವರು ಯಾರಿದ್ದಾರೆ?

‘ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳೋ ಹಾಗೇ ಇಲ್ವಂತೆ ಚಿಕ್ಕಮ್ಮ, ಹೊಸ ರೂಲ್ಸ್ ಬಂದಿದೆ, ಗ್ರೂಪಲ್ಲಿ ಬಂದಿತ್ತು’ ಅಂತ ಅವಳು ಇನ್ನೊಂದು ಫಾರ್ವರ್ಡ್ ಕಳಿಸಿದಳು. ನಿಮ್ಮ ಫೋನಿಗೂ ಬಂದಿರಬಹುದು. ಆ ಎರಡು ತಿಂಗಳ ಮಿತಿ ಇರುವುದು ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕೇಂದ್ರ ಸಂಪುಟ ಅದಕ್ಕೆ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ಒಂದು ರಾಜ್ಯ ತನ್ನ ಶಾಸನಸಭೆಯಲ್ಲಿ ಅದನ್ನು ಕಾನೂನು ಮಾಡಿಕೊಂಡರೆ ಮಾತ್ರ ಅಲ್ಲಿ ಅದಕ್ಕೆ ಬಲ. ಅಲ್ಲಿಯವರೆಗೆ ಅದು ಮಾದರಿ ಮಾತ್ರ. ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಅಡ್ವಾನ್ಸ್ ರೂಢಿಯಾಗಿತ್ತು, ಈಗ ಐದಾರಕ್ಕೆ ಇಳಿದಿದೆ. ಇಳಿಸಿದ್ದು ಕಾನೂನಲ್ಲ, ಖಾಲಿ ಬಿದ್ದ ಮನೆಗಳು ಮತ್ತು ಚೌಕಾಸಿ.

ಅಡ್ವಾನ್ಸ್ ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ದಿನದಲ್ಲಿ ವಾಪಸ್ ಕೊಡಬೇಕು ಅಂತ 1882ರ ಕಾಯ್ದೆ ಬಾಯಿ ಬಿಡುವುದಿಲ್ಲ. ಕರಾರಿನಲ್ಲಿ ಬರೆದರೆ ಉಂಟು, ಬರೆಯದಿದ್ದರೆ ಓನರ್ ಒಳ್ಳೆಯತನ.

ಈ ಹಾಳೆಗಳನ್ನು ಓದದೆ ಎತ್ತಿಡುವ ನಮ್ಮನ್ನು ಬಿಟ್ಟು ಉಳಿದವರೆಲ್ಲ ಓದುತ್ತಾರೆ ಅನ್ನುವುದು ಇನ್ನೊಂದು ತಮಾಷೆ. ಕಂಪನಿಯ ಅಕೌಂಟ್ಸ್ ವಿಭಾಗ ಓದುತ್ತದೆ, ಮನೆ ಬಾಡಿಗೆ ಭತ್ಯೆ ಅಂದರೆ ಎಚ್‌ಆರ್‌ಎ ರಿಯಾಯಿತಿಗೆ. ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಅದು ಸಿಗುತ್ತದೆ, ಹೊಸ ಪದ್ಧತಿಯಲ್ಲಿ ಇಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಬೆಂಗಳೂರಿನವರ ಲೆಕ್ಕ ಹೀಗಿತ್ತು: ಸಿಕ್ಕ ಎಚ್‌ಆರ್‌ಎ ಎಷ್ಟು, ಕಟ್ಟಿದ ಬಾಡಿಗೆಯಲ್ಲಿ ಸಂಬಳದ ಹತ್ತನೇ ಒಂದು ಭಾಗ ಕಳೆದರೆ ಎಷ್ಟು, ಸಂಬಳದ ಶೇಕಡಾ 40 ಎಷ್ಟು, ಈ ಮೂರರಲ್ಲಿ ಕಮ್ಮಿ ಯಾವುದೋ ಅದಕ್ಕೆ ತೆರಿಗೆ ಇರಲಿಲ್ಲ. ಇಲ್ಲಿ ಸಂಬಳ ಅಂದರೆ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ). ಮೂಲ ವೇತನ ತಿಂಗಳಿಗೆ 40,000, ಬಾಡಿಗೆ 18,000 ಇದ್ದರೆ ವರ್ಷದ ಬಾಡಿಗೆ 2,16,000. ಅದರಲ್ಲಿ 48,000 ಕಳೆದರೆ 1,68,000. ಶೇಕಡಾ 40 ಅಂದರೆ 1,92,000. ಎಚ್‌ಆರ್‌ಎಯೂ ಅಷ್ಟೇ ಇದ್ದರೆ 1,68,000ಕ್ಕೆ ರಿಯಾಯಿತಿ. ಅದೇ ನಿಯಮಗಳು ಶೇಕಡಾ 50ರ ಲೆಕ್ಕ ಕೊಟ್ಟದ್ದು ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬಾಡಿಗೆ ವಿಷಯದಲ್ಲಿ ಬೆಂಗಳೂರು ಆ ನಾಲ್ಕಕ್ಕೂ ಸವಾಲು ಹಾಕುತ್ತಿದ್ದ ವರ್ಷಗಳಲ್ಲೂ ಪಟ್ಟಿಯ ಹೊರಗೇ ಇತ್ತು.

ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಅಂದರೆ ತಿಂಗಳಿಗೆ 8,333ಕ್ಕಿಂತ ಜಾಸ್ತಿಯಾದರೆ, ಓನರ್‌ದು ಪಾನ್ ನಂಬರ್ ಕೊಡಬೇಕು. ಜಗಳ ಶುರುವಾಗುವುದು ಇಲ್ಲಿ. ‘ಪಾನ್ ಎಲ್ಲ ಕೊಡೋಕಾಗಲ್ಲ’ ಅನ್ನುವ ಓನರ್‌ಗಳಿಗೆ ಬಾಡಿಗೆ ಪೂರ್ತಿ ತೆರಿಗೆಗೆ ಹೋಗುತ್ತದೆ ಅನ್ನುವ ಭಯ. ಹಾಗಿಲ್ಲ. ಬಂದ ಬಾಡಿಗೆಯಲ್ಲಿ ಅವರು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30 ಬಿಟ್ಟು, ಮಿಕ್ಕಿದ್ದಷ್ಟೇ ಆದಾಯ. ರಿಪೇರಿ ಮಾಡಿಸಲಿ ಬಿಡಲಿ ಆ 30 ಸಿಗುತ್ತದೆ, ರಸೀದಿ ಕೇಳುವುದಿಲ್ಲ. 2,16,000 ಬಾಡಿಗೆ ಬಂದು 6,000 ಕಂದಾಯ ಕಟ್ಟಿದ್ದರೆ 2,10,000. ಅದರಲ್ಲಿ 63,000 ಬಿಟ್ಟರೆ ಲೆಕ್ಕಕ್ಕೆ ಬರುವುದು 1,47,000. ಬೇರೆ ಆದಾಯ ಅಷ್ಟಕ್ಕಷ್ಟೇ ಇರುವ ನಿವೃತ್ತ ಓನರ್‌ಗೆ ಎಷ್ಟೋ ಸಲ ತೆರಿಗೆಯೇ ಬೀಳುವುದಿಲ್ಲ.

ಓನರ್‌ಗಳ ಹಿಂಜರಿಕೆಗೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಸ್ವಯಂ ಘೋಷಣೆ ಪದ್ಧತಿಯಲ್ಲಿ ಮನೆಯ ಚದರಡಿ ಲೆಕ್ಕದ ಮೇಲೆ ಕಂದಾಯ. ಸ್ವಂತಕ್ಕೆ ಇಟ್ಟುಕೊಂಡ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟ ಮನೆಗೆ ಅದರ ಎರಡರಷ್ಟು. ಮೂರು ಅಂತಸ್ತನ್ನೂ ಸ್ವಂತ ಬಳಕೆ ಅಂತ ಘೋಷಿಸಿದವರು ಮೇಲಿನ ಎರಡಕ್ಕೆ ಬಾಡಿಗೆ ಕರಾರು ಯಾಕೆ ಬರೆದುಕೊಡುತ್ತಾರೆ ಹೇಳಿ? ಏಪ್ರಿಲ್‌ನಲ್ಲಿ ಶೇಕಡಾ 5 ರಿಯಾಯಿತಿಗೆ ಓಡುವ ನಾವು ಆ ಫಾರಂನಲ್ಲಿ ಏನು ಟಿಕ್ ಮಾಡಿದ್ದೇವೆ ಅಂತ ನೋಡುವುದು ಕಮ್ಮಿ. 2025ರಿಂದ ಅದೇ ಬಿಲ್ಲಿಗೆ ಕಸದ ಶುಲ್ಕವೂ ಸೇರಿದೆ, ಕಟ್ಟಡದ ಅಳತೆ ಮೇಲೆ. 601ರಿಂದ 1,000 ಚದರಡಿಯ ಮನೆಗೆ ತಿಂಗಳಿಗೆ 50 ರೂಪಾಯಿ. ಈಗ ಅದನ್ನು ಬಾಡಿಗೆಯವರು ಕೊಡಬೇಕಾ ಓನರ್ ಕೊಡಬೇಕಾ ಅಂತ ಹೊಸ ಕಿತ್ತಾಟ. ಉತ್ತರ ಮತ್ತೆ ಅದೇ: ಕರಾರಿನಲ್ಲಿ ಏನಿದೆ?

ಗೃಹಜ್ಯೋತಿಗೂ ಈ ಕಾಗದ ಬೇಕಾಯಿತು. 2023ರಲ್ಲಿ ಬಾಡಿಗೆಯವರು ತಮ್ಮ ಆಧಾರ್ ಅನ್ನು ಮೀಟರಿನ ಆರ್‌ಆರ್ ನಂಬರಿಗೆ ಜೋಡಿಸಲು ಕರಾರು ಹುಡುಕಿದ್ದೇ ಹುಡುಕಿದ್ದು. ‘200 ಯೂನಿಟ್ ಫ್ರೀ’ ಅನ್ನುವುದು ಬಾಯಿಮಾತು. ಯೋಜನೆ ಶುರುವಾದಾಗಿನ ನಿಯಮ ಬೇರೆ. 2022-23ರ ನಿಮ್ಮ ಸರಾಸರಿಗೆ ಶೇಕಡಾ 10 ಸೇರಿಸಿದರೆ ಎಷ್ಟೋ ಅಷ್ಟು ಉಚಿತ. ಸರಾಸರಿ 90 ಇದ್ದರೆ 99 ಯೂನಿಟ್. 120 ಸುಟ್ಟರೆ 21ಕ್ಕೆ ದುಡ್ಡು. 201 ಆದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆ ಬದಲಿಸುವಾಗ ಹಳೇ ನಂಬರಿನಿಂದ ಆಧಾರ್ ಬಿಡಿಸಿಕೊಂಡು ಹೋಗಿ. ಅದು ಅಲ್ಲೇ ಅಂಟಿಕೊಂಡಿದ್ದರೆ ಹೊಸ ಮನೆಯಲ್ಲಿ ಅರ್ಜಿ ಮುಂದಕ್ಕೇ ಹೋಗುವುದಿಲ್ಲ.

ಇವೆಲ್ಲ ಸಾವಿರಗಳ ಲೆಕ್ಕ. ಲಕ್ಷಗಳ ಲೆಕ್ಕ ಇರುವುದು ಭೋಗ್ಯದಲ್ಲಿ. ಬೆಂಗಳೂರಿನಲ್ಲಿ ‘ಲೀಸ್’ ಅಂದರೆ ಅದೇ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ದುಡ್ಡು ವಾಪಸ್ ಪಡೆಯುವುದು. ಊರಿನ ಜಮೀನು ಮಾರಿದ ದುಡ್ಡು, ಮಗಳ ಮದುವೆಗೆ ಇಟ್ಟ ದುಡ್ಡು ಹೀಗೆ ಹೋಗಿ ಕೂರುತ್ತದೆ. ಮೂರು ವರ್ಷದ ಕರಾರು ಅಂದಮೇಲೆ ನೋಂದಣಿ ಕಡ್ಡಾಯ ಅಂತ ಮೇಲೆ ಹೇಳಿದೆನಲ್ಲ. ಮಾಡಿಸುವುದು ಯಾರು? ಸ್ಟಾಂಪ್ ಹಾಳೆಯ ಮೇಲೆ ನೋಟರಿಯ ಕೆಂಪು ಸೀಲು ಬಿದ್ದರೆ ಸಮಾಧಾನ. ನೋಟರಿ ಸೀಲು ಬೇರೆ, ನೋಂದಣಿ ಬೇರೆ. ನಿಮ್ಮ ಸಹಿ ನಿಮ್ಮದೇ ಅಂತ ಹೇಳುವುದಷ್ಟೇ ನೋಟರಿ ಕೆಲಸ, ಮನೆಯ ಮೇಲಿನ ನಿಮ್ಮ ಹಕ್ಕು ಅದರಿಂದ ಎಲ್ಲೂ ದಾಖಲಾಗುವುದಿಲ್ಲ. ಸ್ಟಾಂಪ್ ಶುಲ್ಕ ಕಮ್ಮಿ ಕಟ್ಟಿದ್ದರೆ ಕೋರ್ಟು ಆ ಕಾಗದವನ್ನು ಸಾಕ್ಷಿಯಾಗಿ ಮುಟ್ಟುವುದಿಲ್ಲ. ಕಮ್ಮಿ ಬಿದ್ದದ್ದನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟಿದ ಮೇಲೇ ಮುಂದಿನ ಮಾತು.

ಈ ನಡುವೆ ಓನರ್ ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ತೆಗೆದು ಕಂತು ಬಿಟ್ಟಿದ್ದರೆ, ಬ್ಯಾಂಕಿನವರು ಸಾಲ ವಸೂಲಿಗೆಂದೇ ಇರುವ 2002ರ ಸರ್ಫೇಸಿ ಕಾಯ್ದೆಯ ಕೆಳಗೆ ಬಂದು ಗೇಟಿಗೆ ನೋಟಿಸ್ ಅಂಟಿಸುತ್ತಾರೆ. ನೋಂದಣಿಯಾಗದ ಮೂರು ವರ್ಷದ ಭೋಗ್ಯ ಅವರ ಮುಂದೆ ನಿಲ್ಲುವುದು ಬಹಳ ಕಷ್ಟ. ದುಡ್ಡು ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ಹಾಗಾಗಿ ಮೂಲ ಕ್ರಯಪತ್ರ ಕಣ್ಣಾರೆ ತೋರಿಸಿ ಅಂತಲೂ ಕೇಳಿ. ಮೂಲ ಪತ್ರ ಮನೆಯಲ್ಲಿ ಇಲ್ಲ ಅಂದರೆ ಅದು ಎಲ್ಲಿದೆ ಅನ್ನುವುದೇ ನಿಮ್ಮ ಮುಂದಿನ ಪ್ರಶ್ನೆ. ಖಾತೆ ತೋರಿಸಿದರೆ ಸಾಲದು. ಖಾತೆ ಅಂದರೆ ಕಂದಾಯ ಯಾರ ಹೆಸರಲ್ಲಿ ಕಟ್ಟಿಸಿಕೊಳ್ಳಬೇಕು ಅನ್ನುವ ಲೆಕ್ಕ, ಮಾಲೀಕತ್ವಕ್ಕೆ ಅದೊಂದೇ ಆಧಾರವಲ್ಲ.

ಅಕ್ಕನ ಮಗಳ ಕರಾರನ್ನು ಕಡೆಗೆ ಕನ್ನಡದಲ್ಲೇ ಹೊಸದಾಗಿ ಬರೆದೆವು. ಕರಾರು ಇಂಗ್ಲಿಷಿನಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ. ನೋಟಿಸ್ ಇಬ್ಬರಿಗೂ ಒಂದೇ ತಿಂಗಳು. ಮೋಟರ್, ಪೈಪು, ವೈರಿಂಗ್ ಕೆಟ್ಟರೆ ಓನರ್ ಖರ್ಚು. ಬಲ್ಬು, ನಲ್ಲಿಯ ವಾಷರ್ ಇವಳದು. ಕಸದ ಶುಲ್ಕ ಓನರ್ ಕಂದಾಯದ ಜೊತೆ ಕಟ್ಟಿಕೊಳ್ಳುವುದು. ಕೀ ಕೊಟ್ಟ ಏಳು ದಿನದೊಳಗೆ ಅಡ್ವಾನ್ಸ್ ಬ್ಯಾಂಕ್ ಖಾತೆಗೆ ವಾಪಸ್. ಮನೆಯಲ್ಲಿ ಈಗಾಗಲೇ ಇರುವ ಫ್ಯಾನು, ಗೀಸರ್, ಕರ್ಟನ್ ರಾಡು ಎಷ್ಟು, ಯಾವ ಗೋಡೆಯಲ್ಲಿ ಈಗಲೇ ತೇವ ಇದೆ ಅಂತ ಕೊನೆಯಲ್ಲಿ ಒಂದು ಪಟ್ಟಿ.

ಓನರ್ ಎಪ್ಪತ್ತರ ಹಿರಿಯರು. ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ‘ಇಷ್ಟು ವರ್ಷದಲ್ಲಿ ನಾನೂ ಇದನ್ನ ಪೂರ್ತಿ ಓದಿರಲಿಲ್ಲ ಕಣಮ್ಮ’ ಅಂದರು. ನೋಟಿಸಿಗೆ ಒಪ್ಪಿದರು. ರಿಪೇರಿಗೆ ಒಪ್ಪಿದರು. ಏಳು ದಿನ ಆಗಲ್ಲ, ಹದಿನೈದು ಮಾಡಿ ಅಂದರು, ಮಾಡಿದೆವು. ರಾತ್ರಿ ಹತ್ತರ ಮೇಲೆ ಮೋಟರ್ ಹಾಕಬಾರದು ಅಂತ ತಮ್ಮದೊಂದು ಸಾಲು ಸೇರಿಸಿದರು.

ಪೇಂಟಿಂಗಿಗೆ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ‘ಅದು ಇಲ್ಲಿ ಎಲ್ಲರೂ ತಗೋತಾರೆ, ನಾನೊಬ್ಬ ಬಿಡೋಕಾಗತ್ತಾ?’ ಅಂದರು. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಎಳೆದಾಟ ಆಯಿತು. ಎರಡು ವರ್ಷದೊಳಗೆ ಬಿಟ್ಟರೆ ಪೇಂಟಿಂಗಿನ ನಿಜವಾದ ಬಿಲ್ಲು ತೋರಿಸಿ ಹೆಚ್ಚೆಂದರೆ ಅರ್ಧ ತಿಂಗಳ ಬಾಡಿಗೆ, ಅಂದರೆ 9,000 ರೂಪಾಯಿ ಮುರಿದುಕೊಳ್ಳುವುದು, ಎರಡು ವರ್ಷ ದಾಟಿದರೆ ಏನೂ ಇಲ್ಲ ಅಂತ ಬರೆದು ಇಬ್ಬರೂ ಸಹಿ ಹಾಕಿದರು.